ನೂರಹತ್ತನೇ ನಂಬರಿನ ತಂತಿ

ಸುಟ್ಟುಹೋದ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿ ಮರುಜನ್ಮ ಕೊಡುವ ವೈಂಡಿಂಗ್ ಯಜಮಾನರಿಗೆ ಒಂದೇ ಕೊರಗು: ಅವರ ನಾಲ್ಕು ತಂತಿಯ ಬೇಸ್ ಗಿಟಾರು ಇಲಿಯ ಹಾಗೆ ಕೂಗುತ್ತಿತ್ತು. ತಂತಿಯ ಮೇಲೆ ಬೆರಳು ಜಾರಿಸಿದರೆ ಸಾಕು, ಕೀಚ್! ಅವರು ನುಡಿಸುತ್ತಿದ್ದ ವಾದ್ಯತಂಡದ ನಾಯಕ ಸ್ವಂತ ಭಾಮೈದ. (ಹೆಂಡತಿಯ ತಮ್ಮನೇ ನಾಯಕನಾದರೆ ಗಂಡನಾದವನ ಗತಿಯನ್ನು ಬಿಡಿಸಿ ಹೇಳಬೇಕಿಲ್ಲ.)

“ಭಾವ, ಭಾನುವಾರದ ಕಾರ್ಯಕ್ರಮದಲ್ಲೂ ಇಲಿ ಕೂಗಿದ್ರೆ ನಿಮ್ಮ ಜಾಗಕ್ಕೆ ಬೇರೆಯವರನ್ನ ನೋಡ್ಕೋತೀನಿ,” ಎಂದು ಅವನು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟ. ಯಜಮಾನರಿಗೆ ಊಟ ಸೇರಲಿಲ್ಲ.

ಮದ್ದೇನೋ ಗೊತ್ತಿತ್ತು: ಮೇಲೆ ಚಪ್ಪಟೆ ಪಟ್ಟಿ ಸುತ್ತಿದ, ನುಣ್ಣಗೆ ಜಾರುವ ಫ್ಲಾಟ್‌ವೂಂಡ್ ತಂತಿ. ಅದರಲ್ಲೂ ತೆಳುವಾದದ್ದು, ಬೆರಳು ನೋಯದಂಥದ್ದು. ವಾದ್ಯಗಳ ಅಂಗಡಿಗೆ ಫೋನು ಹೋಯಿತು.

“ನೂರನೇ ನಂಬರ್ ಕೊಡ್ಲಾ, ನೂರಹತ್ತು ಕೊಡ್ಲಾ ಸಾರ್?”

“ಯಾವುದು ತೆಳು ಅಂತ ಕೇಳ್ಕೊಳ್ರೀ,” ಎಂದು ಬೇಕರಿಯಲ್ಲಿ ಹಿಟ್ಟು ನಾದುವ ಹೆಂಡತಿ ಮೂಗು ತೂರಿಸಿದಳು.

“ತಂತಿ ವಿಷಯ ನನಗೇ ಹೇಳ್ಕೊಡ್ತೀಯಾ? ನಂಬರ್ ಹೆಚ್ಚಾದಷ್ಟೂ ತಂತಿ ತೆಳು!”

ಮೋಟಾರಿನ ತಂತಿಯ ಮಟ್ಟಿಗೆ ಈ ಮಾತು ನೂರಕ್ಕೆ ನೂರಹತ್ತು ನಿಜ.

“ನೂರಹತ್ತೇ ಕಳಿಸಪ್ಪಾ.”

“ಬೆರಳು ಗಟ್ಟಿ ಇದೆ ಅಲ್ವಾ ಸಾರ್?”

ಯಜಮಾನರು ಇದನ್ನು ಹೊಗಳಿಕೆಯೆಂದು ತಿಳಿದು ನಾಚಿಕೊಂಡರು.

ಪೊಟ್ಟಣದಿಂದ ಹೊರಬಂದದ್ದು ಒದ್ದೆ ಕಂಬಳಿ ಒಣಹಾಕಬಹುದಾದ ತಂತಿ. ಗಿಟಾರಿನ ಲೋಕದಲ್ಲಿ ನಂಬರು ಏರಿದಷ್ಟೂ ತಂತಿ ದಪ್ಪವಾಗುತ್ತದೆ ಎಂಬ ಜ್ಞಾನೋದಯ ಅಲ್ಲಿಯೇ ಆಯಿತು. ಆದರೆ ಹೆಂಡತಿಯ ಎದುರು ಅದನ್ನು ಒಪ್ಪಿಕೊಳ್ಳುವುದುಂಟೇ? ಹಲ್ಲು ಕಚ್ಚಿ ನಾಲ್ಕನ್ನೂ ಬಿಗಿದರು. ಕೀಚ್ ಸದ್ದು ನಿಂತಿತು, ಉಳಿದ ಸದ್ದೂ ನಿಂತಿತು. ಎಷ್ಟು ಒತ್ತಿದರೂ ತಂತಿ ಜಗ್ಗಲಿಲ್ಲ. ಬೆರಳು ಕೆಂಪಾಗಿ ಕಣ್ಣಲ್ಲಿ ನೀರು ಬಂತು.

ಆಗಲೇ ಭಾಮೈದ ವಕ್ಕರಿಸಿದ. “ಏನ್ ಭಾವ, ಅಳ್ತಿದ್ದೀರಾ?”

“ಸಂಗೀತ ಕಣಯ್ಯಾ. ಒಳಗಿಂದ ಬರುತ್ತೆ.”

“ಹೊರಗೆ ಬರ್ತಾನೇ ಇಲ್ವಲ್ಲ!”

“ಕೊಡಿ ಇಲ್ಲಿ,” ಎಂದು ಹೆಂಡತಿ ಗಿಟಾರು ಕಸಿದು ತೊಡೆಯ ಮೇಲಿಟ್ಟುಕೊಂಡಳು. ದಿನವಿಡೀ ಹಿಟ್ಟು ನಾದಿದ ಬೆರಳುಗಳಿಗೆ ನೂರಹತ್ತು ಮೇಣದಂತೆ ಬಗ್ಗಿತು. ಗಂಡ ತಪ್ಪದೆ ತಪ್ಪುತ್ತಿದ್ದ ಅದೇ ಹಾಡು ಒಂದೂ ತಪ್ಪಿಲ್ಲದೆ ಗುಂ ಗುಂ ಎಂದು ಮನೆ ತುಂಬಿತು.

“ಇವರು ಅಂಗಡೀಲಿದ್ದಾಗ ಬೇಜಾರಿಗೆ ನುಡಿಸ್ತಿದ್ದೆ. ತಂತಿ ತೀರಾ ಸಣ್ಣದು ಅನ್ಸೋದು,” ಎಂದಳು.

“ಅಕ್ಕಾ, ಭಾನುವಾರ ಬಿಡುವಿದ್ಯಾ?”

ಯಜಮಾನರು ನಡುವೆ ಬಾಯಿ ಹಾಕಿದರು. “ಮತ್ತೆ ನಾನು?”

“ನೀವಿಲ್ದೆ ಆಗುತ್ತಾ ಭಾವ! ಸ್ಪೀಕರಿಗೆ ವೈರು ಎಳೆಯೋರು ಯಾರು?”

“ಎಳೀತಾರೆ ಬಿಡೋ,” ಎಂದಳು ಹೆಂಡತಿ, ಗಿಟಾರಿನಿಂದ ತಲೆಯೆತ್ತದೆ. “ನಂಬರ್ ಮಾತ್ರ ನನ್ನ ಕೇಳ್ಕೊಂಡು ತರ್ಲಿ.”