ಸೇವೆಯ ಕಾಲಮ್ಮು

ದೇಶಸೇವೆ ಎಂದರೆ ನನಗೆ ಬಹಳ ಗೌರವ. ಅದನ್ನು ಬೇರೆಯವರು ಮಾಡುವಾಗಲಂತೂ ಕೈಮುಗಿದು ದಾರಿ ಬಿಡುತ್ತೇನೆ. ಇಂಥ ನನ್ನ ಕೈಗೂ ಒಂದು ಸಲ ಗುದ್ದಲಿ ಬಂತು. ಕಾರಣ, ನನ್ನ ಮಗಳು ವಿಮಲೆಯ ಕಾಲೇಜಿನ ಅರ್ಜಿ. ಇಂಟರ್‌ಮೀಡಿಯೆಟ್ ಸೇರಿ ಡಾಕ್ಟರಾಗಬೇಕೆಂಬುದು ಅವಳ ಆಸೆ. ಅರ್ಜಿಯಲ್ಲಿ ‘ಮಾಡಿರುವ ಸಮಾಜಸೇವೆ’ ಎಂದೊಂದು ಕಾಲಮ್ಮಿತ್ತು. “ಏನೂ ಮಾಡಿಲ್ವಲ್ಲಪ್ಪ, ಖಾಲಿ ಬಿಡ್ತೀನಿ” ಎಂದಳು. ನನಗೆ ಜೀವವೇ ಹಾರಿಹೋದಂತಾಯಿತು. ಆಫೀಸಿನಲ್ಲಿ ಪಕ್ಕದ ಮೇಜಿನ ನಂಜುಂಡಯ್ಯನವರು, “ಇಲವಾಲದಲ್ಲಿ ಶ್ರಮದಾನ ನಡೀತಿದೆ ಕಣ್ರೀ. ಮಗಳ ಕೈಲಿ ಒಂದು ದಿನ ಮಣ್ಣು ಹೊರಿಸಿ, ಪಟೇಲರ ಹತ್ರ ಕಾಗದ ಬರೆಸ್ಕೊಂಡು ಬಂದ್ಬುಡಿ” ಎಂದು ಉಪಾಯ ಹೇಳಿಕೊಟ್ಟರು.

ಭಾನುವಾರ ನಜರ್‌ಬಾದಿನ ಮನೆಯಿಂದ ಅಪ್ಪ ಮಗಳು ಹೊರಟೆವು. ಇಲವಾಲದವರು ಕೆರೆಯ ದಾರಿಗೆ ಮಣ್ಣು ಹಾಕುತ್ತಿದ್ದರು. ವಿಮಲೆ ಇನ್ನೂ ಮಣ್ಣಿನ ಮಂಕರಿ ಎತ್ತಿರಲಿಲ್ಲ, ಮೇಲ್ಪಂಕ್ತಿ ಹಾಕಿಕೊಡೋಣವೆಂದು ನಾನೇ ಗುದ್ದಲಿ ಬೀಸಿದೆ. ಮೂರನೆಯ ಏಟಿಗೆ ಸೊಂಟ ಹಿಡಿದುಕೊಂಡಿತು. ಬಗ್ಗಿದವನು ಬಗ್ಗಿದಂತೆಯೇ ನಿಂತೆ. ಪಟೇಲ ಕಾಳೇಗೌಡರು ಓಡಿಬಂದು, “ಬುಡಿ ಸ್ವಾಮಿ, ರಸ್ತೆ ಎಲ್ಲೂ ಓಡೋಗಕಿಲ್ಲ” ಎಂದು ನಾಲ್ಕು ಜನರಿಂದ ನನ್ನನ್ನು ತಮ್ಮ ಜಗಲಿಗೆ ಹೊರಿಸಿದರು. ಮನೆಗೆ ಬಂದವರು ನರಳುತ್ತಿರುವಾಗ ಊರವರು ಕೆಲಸ ಮಾಡುವುದುಂಟೇ? ಎಲ್ಲರೂ ಗುದ್ದಲಿ ಇಳಿಸಿ ನನ್ನ ಸುತ್ತ ಕುಳಿತರು. ಗೌಡರ ಹೆಂಡತಿ ನಿಂಗಮ್ಮನವರು ಹರಳೆಣ್ಣೆ ಕಾಯಿಸಿಕೊಟ್ಟರು, ವಿಮಲೆ ಸಂಜೆಯವರೆಗೂ ಉಪ್ಪಿನ ಶಾಖ ಕೊಟ್ಟಳು. ಮಧ್ಯೆ ಮುದ್ದೆ, ಉಪ್ಸಾರು. ನಾಚಿಕೆಯಾಗುತ್ತಿತ್ತು, ಆದರೂ ಎರಡು ಮುದ್ದೆ ಇಳಿಯಿತು.

ಹೊರಡುವಾಗ ಕಾಗದ ಕೇಳಿದೆ. ‘ಕುಮಾರಿ ವಿಮಲೆ ಶ್ರದ್ಧೆಯಿಂದ ಸೇವೆ ಮಾಡಿದಳು’ ಎಂದು ನಾನು ಹೇಳಿದ್ದನ್ನು ಗೌಡರು ಬರೆದರು. ಆಮೇಲೆ ಸುಳ್ಳಿಗೆ ಹೆದರುವ ಆ ಮನುಷ್ಯ ತಾವೇ ಇನ್ನೊಂದು ಸಾಲು ಸೇರಿಸಿ ರುಜು ಹಾಕಿದರು: ‘ಸೇವೆ ಮಾಡಿದ್ದು ತಂದೆಗೆ. ರಸ್ತೆ ಕೆಲಸ ನಾಳೆಗೆ ನಿಂತಿದೆ.’

ಸಂದರ್ಶನದ ದಿನ ಪ್ರಿನ್ಸಿಪಾಲರ ಮುಂದೆ ಆ ಸಾಲಿನ ಮೇಲೆ ಹೆಬ್ಬೆರಳಿಟ್ಟುಕೊಂಡೇ ಕಾಗದ ಚಾಚಿದೆ. “ಬೆರಳು ತೆಗೀರಿ” ಎಂದರು ಆಕೆ. ಓದಿ, ವಿಮಲೆಯನ್ನು ನೋಡಿದರು. “ಹೌದು ಮೇಡಂ, ಮಣ್ಣು ಹೊರಲಿಲ್ಲ. ಅಪ್ಪನ್ನ ನೋಡ್ಕೊಂಡೆ” ಎಂದಳು ನನ್ನ ಮಗಳು. ಪ್ರಿನ್ಸಿಪಾಲರು ನಕ್ಕುಬಿಟ್ಟರು. “ಬೆಳಗ್ಗೆಯಿಂದ ರಸ್ತೆ ಹಾಕಿದವರನ್ನೇ ನೋಡಿ ಸಾಕಾಗಿತ್ತು. ಡಾಕ್ಟರಾಗೋಳಿಗೆ ಇದು ಸಾಕು” ಎಂದು ಅರ್ಜಿಗೆ ರುಜು ಹಾಕಿದರು. ನನಗೆ ಅಳುವೇ ಬಂತು.

ಮುಂದಿನ ಭಾನುವಾರ ವಿಮಲೆ ಗೆಳತಿಯರೊಡನೆ ಮತ್ತೆ ಇಲವಾಲಕ್ಕೆ ಹೊರಟಳು. ಯಾವ ಕಾಲಮ್ಮೂ ಕೇಳಿರಲಿಲ್ಲ. ನಾನೂ ಚಪ್ಪಲಿ ಮೆಟ್ಟಿಕೊಂಡೆ. “ಬೇಡಪ್ಪ, ನೀವು ಬಂದ್ರೆ ಕೆಲಸ ನಿಂತೋಗತ್ತೆ” ಎಂದಳು. ಊರಿನ ಹಿತಕ್ಕಾಗಿ ಅಂದು ಸಂಜೆಯವರೆಗೂ ಆರಾಮಕುರ್ಚಿಯಲ್ಲಿ ಒರಗಿ, ಕಾಫಿ ಕುಡಿಯುತ್ತಾ, ಯಾರಿಗೂ ತೊಂದರೆಯಾಗದಂತೆ ನನ್ನ ಪಾಲಿನ ಸಮಾಜಸೇವೆ ಮಾಡಿದೆ.