ಮಾಳಿಗೆ ಮೇಲಿನ ಸ್ವಾಯತ್ತ ಪ್ರದೇಶ

ನಮ್ಮ ಸೋದರತ್ತೆ ಭಾರತದಲ್ಲೇ ಇದ್ದಾರೆ, ಕೊಪ್ಪದಲ್ಲೇ ಇದ್ದಾರೆ, ಗಂಡನ ಮನೆಯಲ್ಲೇ ಇದ್ದಾರೆ. ಆದರೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅವರು ಯಾರ ಆಡಳಿತಕ್ಕೂ ಒಳಪಟ್ಟವರಲ್ಲ! ನಗಬೇಡಿ, ನಿಜ.

ಎಲ್ಲ ಶುರುವಾದದ್ದು ಪೇಪರಿನಿಂದ. ಓದುತ್ತಿದ್ದ ಅತ್ತೆ ಒಂದು ದಿನ ತಲೆಯೆತ್ತಿ, "ಇವ್ರೇ, ದೇಶದ ಒಳಗಿದ್ದುಕೊಂಡೇ ತಮ್ಮ ಆಡಳಿತ ತಾವೇ ನೋಡ್ಕೊಳ್ಳೋ ಪ್ರದೇಶ ಇರ್ತವಂತೆ. ನಂಗೂ ಒಂದು ಬೇಕು" ಎಂದರು.

ಮಾವ ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಅವರು ಕೊಪ್ಪದಲ್ಲಿ 'ಹೋಯ್' ಎಂದರೆ ನರಸಿಂಹರಾಜಪುರದಲ್ಲಿ ಬಸ್ಸು ನಿಲ್ಲುತ್ತಿತ್ತು! ಈಗ ಆ 'ಹೋಯ್' ಪೂರ್ತಿ ಅತ್ತೆಯ ಪಾಲಿಗೆ. ಕನ್ನಡಕ ಎಲ್ಲಿ, ಹೋಯ್! ಕಾಫಿ ಎಲ್ಲಿ, ಹೋಯ್!

"ಎಂತ ಮಾರಾಯ್ತಿ, ಬೇರೆ ಹೋಗ್ತೀಯಾ?" ಮಾವ ಗಾಬರಿಯಾದರು.

"ಬೇರೆ ಎಂತಕ್ಕೆ? ಒಳಗೇ ಇರ್ತೀನಿ. ಮಾಳಿಗೆ ಕೋಣೆ, ದಿನಾ ಎರಡು ಗಂಟೆ. ಅಲ್ಲಿಗೆ ಹೋಯ್ ಅನ್ನಂಗಿಲ್ಲ."

"ಹಾವು ಬಂದ್ರೆ?"

"ರಕ್ಷಣೆ ಕೇಂದ್ರದ್ದು. ಆಗ ನೀವೇ ಬರ್ಬೇಕು!"

ಮೊದಲ ವಾರವೇ ಕೇಂದ್ರ ಸರ್ಕಾರ ಅಲ್ಲಾಡಿಹೋಯಿತು. ಮಾವ ಕಾಫಿ ಫಿಲ್ಟರಿಗೆ ಸಾರಿನ ಪುಡಿ ತುಂಬಿದರು. ತಪ್ಪು ಒಪ್ಪಿಕೊಳ್ಳಲಾಗದೆ ಕುಡಿದೂ ಬಿಟ್ಟರು! ಮೂರನೇ ದಿನ ಮೆಟ್ಟಿಲ ಬುಡದಲ್ಲಿ ನಿಂತು "ಹಾವು!" ಎಂದು ಕೂಗಿದರು. ಅತ್ತೆ ಇಣುಕಿ ನೋಡಿ, "ಅದು ನಿಮ್ಮ ಬೆಲ್ಟು" ಎಂದು ಬಾಗಿಲು ಹಾಕಿಕೊಂಡರು.

ಅಲ್ಲಿ ಅಂಥದ್ದೇನು ನಡೆಯುತ್ತದೆ? ಅನುಮತಿ ಪಡೆದು ನಾನೂ ಹತ್ತಿದೆ. ಒಂದು ಚಾಪೆ, ಒಂದು ಕಿಟಕಿ. ಆಚೆ ಮೋಡದ ನೆರಳೊಂದು ಗುಡ್ಡ ಇಳಿದು, ಬಸ್‌ಸ್ಟ್ಯಾಂಡ್ ದಾಟಿ, ಹೆಂಚುಗಳ ಮೇಲೆ ತೆವಳುತ್ತ ನಮ್ಮ ಕಡೆಗೇ ಬರುತ್ತಿತ್ತು. ಅದು ಕೋಣೆಯೊಳಗೆ ಬಂದಾಗ ಅತ್ತೆಯ ಮುಖ ಒಂದು ಗಳಿಗೆ ತಂಪಾಗಿ, ಮತ್ತೆ ಬೆಳಗಿತು. ನನಗೂ ಎಲ್ಲಿದ್ದೇನೆಂಬುದು ಮರೆತಿತ್ತು.

"ಇಲ್ಲಿ ಎಂತ ಮಾಡ್ತೀರಿ ಅತ್ತೆ?"

"ಎಂತದೂ ಇಲ್ಲ ಮಾರಾಯ್ತಿ. ಹತ್ತೊಂಬತ್ತಕ್ಕೆ ಈ ಮನೆಗೆ ಬಂದೆ. ಎಂತದೂ ಮಾಡದೆ ಕೂತದ್ದು ಈಗಲೇ."

ಮೊನ್ನೆ ಮೂರು ಗಂಟೆ ಸುಮಾರಿಗೆ ಹೋದಾಗ ಮಾವ ಜಗುಲಿಯಲ್ಲಿದ್ದರು. ಬೀದಿಗೆ ತರಕಾರಿ ವ್ಯಾನು ಬಂತು, ಮೈಕಿನಲ್ಲಿ ಟೊಮೆಟೊ, ಈರುಳ್ಳಿ ಎಂದು ಅರಚುತ್ತ. ಮಾವ ಬರಿಗಾಲಲ್ಲೇ ಗೇಟಿಗೆ ಓಡಿದರು. ಡ್ರೈವರನ ಕಿಟಕಿಗೆ ಬಗ್ಗಿ, ಅವರಿಗಿದೆಯೆಂದು ನನಗೆ ಗೊತ್ತೇ ಇರದಿದ್ದ ಮೆತ್ತನೆಯ ದನಿಯಲ್ಲಿ ಹೇಳಿದರು:

"ಮೈಕ್ ಆಫ್ ಮಾಡೋ ಮಾರಾಯ. ಮೇಲೆ ನನ್ನ ಹೆಂಡ್ತಿ ಮಲಗಿದ್ದಾಳೆ. ನಲವತ್ತು ವರ್ಷ ನಾನು ಅವಳನ್ನ ಮಲಗೋಕೇ ಬಿಟ್ಟಿಲ್ಲ."