ಬಣ್ಣ ಬಿಟ್ಟ ಛತ್ರಿಯ ವಕೀಲ

ಸುಸ್ತಾಗಬೇಕಾದರೆ ಹೊಲವನ್ನೇ ಉಳಬೇಕೆಂದಿಲ್ಲ. ಇನ್ನೊಬ್ಬರ ಸರಕನ್ನು ಹೊಗಳಿಕೊಂಡು ಇಡೀ ದಿನ ನಿಂತರೂ ಸಾಕು. ಹುಣಸೂರಿನ ಕೋರ್ಟಿನಲ್ಲಿ ನನಗೆ ಗಂಟುಬಿದ್ದದ್ದು ಅದೇ ಕೆಲಸ. ಜಮೀನಿನ ತಕರಾರುಗಳೆಲ್ಲ ಹಿರಿಯ ವಕೀಲರ ಪಾಲು. ಸೋಡಾ ಬಾಟಲಿ ಸಿಡಿದರೆ, ಪಂಪ್ ಸ್ಟೌ ಭುಗ್ಗೆಂದರೆ, ಹೊಸ ಚಪ್ಪಲಿಯ ಅಟ್ಟೆ ಪಿರಿಯಾಪಟ್ಟಣ ಮುಟ್ಟುವ ಮೊದಲೇ ಕಿತ್ತುಬಂದರೆ, ಅದನ್ನು ಮಾಡಿ ಮಾರಿದವನು ನನ್ನ ಮನೆ ಹುಡುಕಿಕೊಂಡು ಬರುತ್ತಿದ್ದ. ಕೊಂಡವನದೇ ತಪ್ಪೆಂದು ನಾನು ವಾದಿಸಬೇಕು. ವಾದಿಸಿ ವಾದಿಸಿ, ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೂ ಸಾರಿನ ಪರವಾಗಿಯೇ ಮಾತಾಡುವಂತಾಗಿದ್ದೆ. ನನ್ನ ವೃತ್ತಿಯಿಂದ ಹೆಂಡತಿಗೆ ಆದ ಲಾಭ ಇದೊಂದೇ.

ಹೀಗಿರುವಾಗ, ಪೇಟೆಯಲ್ಲಿ ಛತ್ರಿ ಮಾಡಿ ಮಾರುತ್ತಿದ್ದ ರುದ್ರಪ್ಪನ ಮೇಲೆ ಹನಗೋಡಿನ ಪುಟ್ಟತಾಯಮ್ಮ ದಾವೆ ಹಾಕಿದರು. ಅವರ ಮಗ ನಂಜುಂಡ ರುದ್ರಪ್ಪನ ಹೊಸ ಛತ್ರಿ ಹಿಡಿದು ಕಟ್ಟೆಮಳಲವಾಡಿಗೆ ಹೆಣ್ಣು ನೋಡಲು ಹೋಗಿದ್ದ. ದಾರಿಯಲ್ಲಿ ಮಳೆ ಹಿಡಿಯಿತು, ಛತ್ರಿ ಬಣ್ಣ ಬಿಟ್ಟಿತು. ಹುಡುಗಿಯ ಮನೆ ಹೊಕ್ಕಾಗ ಅವನ ಮುಖ, ಬಿಳಿ ಅಂಗಿ ಎಲ್ಲ ಮಡಕೆಯ ತಳದ ಹಾಗಿದ್ದವು. ಬಾಗಿಲ ಹಿಂದಿದ್ದ ಹುಡುಗಿ ಕಿಸಕ್ಕನೆ ನಕ್ಕಳಂತೆ. ಅವಳ ಅಜ್ಜಿ ಮಾತ್ರ ನಗಲಿಲ್ಲ. "ಕಪ್ಪು ಸುರಿಸ್ಕಂಡು ಬಂದವ್ನೆ, ಸಕುನ ಸರಿಯಿಲ್ಲ" ಅಂದುಬಿಟ್ಟಳು. ಸಂಬಂಧ ಮುರಿಯಿತು.

"ಈ ಛತ್ರಿ ಬಿಸಿಲಿಗೆಂದು ಮಾಡಿದ್ದು ಸ್ವಾಮಿ, ಮಳೆಗೆ ಹಿಡಿದದ್ದು ಹುಡುಗನ ತಪ್ಪು" ಎಂದು ನಾನು ವಾದಿಸಿದೆ. ಮುನ್ಸೀಫರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ನನ್ನನ್ನೇ ನೋಡಿದರು. ಪಾಪ, ಅವರೂ ದಣಿದಿದ್ದರು.

ಪುಟ್ಟತಾಯಮ್ಮ ಕೈ ಮುಗಿದರು. "ಬುದ್ಧೀ, ನಂಗೆ ಕಾಸು ಬ್ಯಾಡ. ಇಷ್ಟು ಚೆಂದಾಗಿ ಮಾತಾಡೋ ಈ ಲಾಯರಪ್ಪ ಎಣ್ಣಿನ ಮನೆಗೆ ಬಂದು, ತಪ್ಪು ನನ್ ಮಗಂದಲ್ಲ, ಛತ್ರೀದು ಅಂತ ಯೋಳ್ಬುಡ್ಲಿ. ಸಾಕು."

ಮುನ್ಸೀಫರ ಮುಖ ಅರಳಿತು. ರಾಜಿ ಮಾಡಿಕೊಳ್ಳಿ ಎಂದರು. ನೀನೂ ಬಾರಯ್ಯ ಎಂದು ನಾನು ಕರೆದರೆ ರುದ್ರಪ್ಪ, "ಅಂಗಡಿ ಯಾರು ನೋಡ್ಕತ್ತಾರೆ ಸ್ವಾಮಿ, ನೀವೇ ಓಗ್ಬುಟ್ಟು ಬನ್ನಿ" ಎಂದು ಜಾರಿಕೊಂಡ.

ಹೀಗೆ ತಾಯಿ ಮಗನ ಜೊತೆ ನಾನೊಬ್ಬನೇ ಕಟ್ಟೆಮಳಲವಾಡಿಗೆ ಹೋದೆ. ಜಗಲಿಯ ಮೇಲೆ ಕೂತು ಛತ್ರಿಯನ್ನು ಬಾಯಿಗೆ ಬಂದಂತೆ ಬೈದೆ. ನನ್ನ ಕಕ್ಷಿದಾರನ ಸರಕನ್ನು ನಾನೇ ಬೈದದ್ದು ಅದೇ ಮೊದಲು. ತಲೆಯ ಮೇಲಿನ ಹೊರೆ ಇಳಿಸಿದಷ್ಟು ಹಾಯೆನಿಸಿತು. ಅಜ್ಜಿ ತಲೆಯಾಡಿಸುತ್ತಿದ್ದಳು. ಆಗ ಹುಡುಗಿಯ ತಂದೆ ಸಿದ್ದಪ್ಪ ಅಡ್ಡಬಾಯಿ ಹಾಕಿದರು.

"ಛತ್ರಿ ವಿಸ್ಯ ಅತ್ಲಾಗಿರ್ಲಿ ಬುಡಿ ಸ್ವಾಮಿ. ಉಡುಗ ಎಂಗೆ? ನೀವು ಗ್ಯಾರಂಟಿ ಕೊಡ್ತೀರಾ?"

ಗ್ಯಾರಂಟಿ! ಆ ಮಾತನ್ನು ಅಪ್ಪಿತಪ್ಪಿಯೂ ಆಡಬೇಡಿರೆಂದು ಊರಿನ ವ್ಯಾಪಾರಿಗಳಿಗೆಲ್ಲ ಬುದ್ಧಿ ಹೇಳಿದವನು ನಾನು. ನಂಜುಂಡನ ಕಡೆ ತಿರುಗಿದೆ. ಅವನು ತೊಟ್ಟಿದ್ದು ಅದೇ ಅಂಗಿ. ಎಷ್ಟು ಒಗೆದರೂ ಹೆಗಲ ಮೇಲೆ ಬೂದುಬಣ್ಣದ ಕಲೆ ಉಳಿದಿತ್ತು. ಒಳ್ಳೆಯದೆಂದು ಹಾಕಿಕೊಳ್ಳಲು ಬೇರೆ ಇರಲಿಲ್ಲವೇನೋ. ತಾಯಿಯ ಕಾಲಿಗೆ ಮೆತ್ತಿದ್ದ ಕೆಸರನ್ನು ಚೊಂಬಿನ ನೀರು ಹುಯ್ದು ತೊಳೆಯುತ್ತಿದ್ದ. ಬಾಗಿಲ ಹಿಂದಿನಿಂದ ಹುಡುಗಿ ಅದನ್ನೇ ನೋಡುತ್ತಿದ್ದಳು. ಈ ಸಲ ನಗಲಿಲ್ಲ.

"ಕೊಡ್ತೀನಿ" ಅಂದೆ. ಯಾರು ಅನ್ನಿಸಿದರೋ ಕಾಣೆ.

ಮದುವೆಯಾಯಿತು. ರುದ್ರಪ್ಪ ಈಗ ಮದುವೆ ಕೂಡಿಸಿದ ಛತ್ರಿ ಎಂದು ಹೇಳಿಕೊಂಡೇ ಮಾರುತ್ತಾನೆ. ಪಾಡು ಪಡುವವನು ನಾನು. ಗಂಡ ಹೆಂಡಿರಲ್ಲಿ ಮುನಿಸು ಬಂದರೆ ಆ ಹುಡುಗಿ ನೆಟ್ಟಗೆ ನಮ್ಮ ಮನೆಗೇ ಬರುತ್ತಾಳೆ. "ಮಾತೇ ಆಡಾಕಿಲ್ಲ ಕಣ್ರೀ ನಿಮ್ ಉಡುಗ!" ನಾನು ಏನೋ ಸಮಜಾಯಿಷಿ ಹೇಳಲು ಗಂಟಲು ಸರಿಮಾಡಿಕೊಳ್ಳುತ್ತೇನೆ. ನನ್ನ ಹೆಂಡತಿ ಅವಳಿಗೆ ಕಾಫಿ ಕೊಡುತ್ತಾ, "ಮೊದಲು ಹೋಗಿ ಅವನನ್ನ ವಿಚಾರಿಸಿಕೊಂಡು ಬನ್ನಿ" ಎಂದು ನನ್ನ ಕೋಟು ತಂದು ಕೈಗಿಡುತ್ತಾಳೆ.

ಬಸ್ಸಿನಲ್ಲಿ ತೂಕಡಿಸುತ್ತಾ ಹನಗೋಡಿಗೆ ಹೋಗಿ ಇಳಿದರೆ, ನಂಜುಂಡ ರಸ್ತೆಯಲ್ಲೇ ಕಾದು ನಿಂತಿರುತ್ತಾನೆ. ನಾನು ಬಾಯಿ ತೆರೆಯುವ ಮೊದಲೇ ಕೈ ಹಿಡಿದುಕೊಳ್ಳುತ್ತಾನೆ.

"ಒಳ್ಳೇ ಒತ್ಗೆ ಬಂದ್ರಿ ಸ್ವಾಮಿ. ಅವಳ ಮ್ಯಾಲೆ ನಂದೂ ಒಂದು ದೂರು ಅದೆ. ಕೂತ್ಕಳಿ, ಮೊದ್ಲಿಂದ ಯೋಳ್ತೀನಿ."